ಸಾವಕ್ಕನ ಕಿವಿಗೆ ಸಿಕ್ಕ ಗಾಳಿ

ರಬಕವಿಯ ಸಾವಕ್ಕ ಓದಿದ್ದು ಮೂರನೆಯ ಇಯತ್ತೆಯವರೆಗೆ. ಚಿಮ್ಮಡದಿಂದ ಮದುವೆಯಾಗಿ ನೇಕಾರರ ಮನೆಗೆ ಬಂದ ಮೇಲೆ ಕಲಿತದ್ದೆಲ್ಲ ಕಿವಿಯಿಂದಲೇ. ಒಳಗೆ ರೊಟ್ಟಿ ಬಡಿಯುತ್ತ ಕುಳಿತವಳು, ಹೊರಗಿನ ಎರಡು ಪಾವರ್‌ಲೂಮ್‌ಗಳಲ್ಲಿ ಯಾವುದರ ಎಳೆ ಹರಿಯಿತು ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಗಂಡ ಮಹಾಲಿಂಗಪ್ಪ ಹೋಗಿ ನೋಡಿದರೆ ಅದು ಖರೆಯೇ ಆಗಿರುತ್ತಿತ್ತು.

ಗಂಡನ ಗೊರಕೆಗೆ ಅವಳು ಎಂದೂ ಬೇಸರಪಟ್ಟವಳಲ್ಲ. ಅವಳನ್ನು ಹೆದರಿಸಿದ್ದು ಗೊರಕೆ ನಿಲ್ಲುವುದು. ಎರಡು ವರ್ಷಗಳಿಂದ ಅದು ನಡುನಡುವೆ ಒಮ್ಮೆಲೇ ಕಡಿದಂತೆ ನಿಂತುಬಿಡುತ್ತಿತ್ತು. ಅದರ ಜೊತೆಗೆ ಉಸಿರೂ ನಿಲ್ಲುತ್ತಿತ್ತು. ಸಾವಕ್ಕ ಎದ್ದು ಕುಳಿತು ಭುಜ ಹಿಡಿದು ಅಲುಗಿಸಿದರೆ, ನೀರಿನಿಂದ ಮೇಲೆ ಬಂದವನಂತೆ ಗಕ್ಕನೆ ಉಸಿರೆಳೆದು, "ಮಲಗಾಕ ಬಿಡತೀ ಏನ್ ಇಲ್ಲ?" ಎಂದು ಬೈದು ಮಗ್ಗಲು ಬದಲಿಸುತ್ತಿದ್ದ. ಅವಳು ಕುಳಿತೇ ಇರುತ್ತಿದ್ದಳು.

ಆ ನಿದ್ದೆಯ ಸಾಲ ಹಗಲಿಗೆ ಬೀಳುತ್ತಿತ್ತು. ಮಹಾಲಿಂಗಪ್ಪ ಮಗ್ಗದ ಮುಂದೆ ನಿಂತಲ್ಲೇ ತೂಕಡಿಸುವುದು, ಸೀರೆಯ ಅಂಚು ಕೆಡುವುದು ನಡೆದೇ ಇತ್ತು. ಒಂದು ದಿನ ನಿದ್ದೆಗಣ್ಣಲ್ಲಿ ಓಡುವ ಮಗ್ಗದತ್ತ ಕೈ ಚಾಚಿದ. ಸೊಸೆ ಮಂಗಲಾ ಓಡಿಬಂದು ಸ್ವಿಚ್ ಆರಿಸಿದ್ದರಿಂದ ಬೆರಳು ಉಳಿದವು. ಮರುದಿನವೇ ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಒಂದು ರಾತ್ರಿ ತಲೆಗೆ, ಎದೆಗೆ ವೈರು ಹಚ್ಚಿ ಮಲಗಿಸಿ ನೋಡಿದ ಡಾಕ್ಟರು, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ತಾಸಿಗೆ ಮೂವತ್ತು ಸಲ ಉಸಿರು ನಿಲ್ಲುತ್ತದೆ, ಮಷಿನ್ ಹಾಕಿಕೊಂಡೇ ಮಲಗಬೇಕು ಎಂದರು. ತನ್ನ ಭಯಕ್ಕೆ ಒಂದು ಲೆಕ್ಕ ಸಿಕ್ಕಿತಲ್ಲ ಎಂದು ಸಾವಕ್ಕನಿಗೆ ಅಳುವೇ ಬಂತು.

ಮಷಿನ್ ತಂದುಕೊಟ್ಟವನು ಅದನ್ನು ಮಾರುವ ಕಂಪನಿಯ ಹುಡುಗ ವಿಜಯ. ರೊಟ್ಟಿ ಡಬ್ಬಿಯಷ್ಟು ದೊಡ್ಡದು. ಅದರಿಂದ ಹೊರಟ ಒಂದು ಕೊಳವೆ. ಕೊಳವೆಯ ತುದಿಗೆ ಮೂಗು ಮುಚ್ಚುವ ಮೆತ್ತನೆಯ ಮುಖವಾಡ. ಅದನ್ನು ತಲೆಗೆ ಬಿಗಿಯಲು ಪಟ್ಟಿಗಳು. ಒಳಗಿನಿಂದ ಬರುವ ಗಾಳಿ ಗಂಟಲನ್ನು ಮುಚ್ಚಗೊಡುವುದಿಲ್ಲ.

"ಹದಿನೈದ ದಿನಾ ಹಾಕ್ಕೊಂಡ ನೋಡ್ರಿ ಕಾಕಾ," ಅಂದ ವಿಜಯ. "ಒಗ್ಗಿದ್ರ ಇಟ್ಕೋರಿ. ಇಲ್ಲಂದ್ರ ಹೊಳ್ಳಿ ಒಯ್ತೇನಿ."

ಒಗ್ಗಲಿಲ್ಲ. ಗಾಳಿ ಕಣ್ಣಿಗೆ ಹೊಡೆಯುತ್ತದೆ ಎಂದು ಮಹಾಲಿಂಗಪ್ಪ ಮೊದಲ ರಾತ್ರಿ ಒಂದು ತಾಸಿಗೇ ಕಿತ್ತಿಟ್ಟ. ಎರಡನೆಯ ರಾತ್ರಿ ಪಟ್ಟಿ ಒಂದು ಎಳೆ ಬಿಗಿದ. ಮೂರನೆಯ ರಾತ್ರಿ ಇನ್ನೊಂದು. ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಹಾಸು ಸಡಿಲಾದರೆ ನೇಕಾರ ಮಾಡುವುದೇ ಅದು, ಬಿಗಿಯುವುದು. ಐವತ್ತು ವರ್ಷ ಅದನ್ನೇ ಮಾಡಿದ ಕೈಗೆ ಬೇರೆ ದಾರಿ ಹೊಳೆಯಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಎರಡೂ ಗಲ್ಲದ ಮೇಲೆ ಕೆಂಪು ಬರೆ ಎದ್ದಿದ್ದವು.

ಪಕ್ಕದ ಮನೆಯ ತಾರವ್ವ ನೋಡಿ, "ಏನ್ರಿ ಅಣ್ಣಾ, ಮಾರಿ ಮ್ಯಾಲ ಹಾಸ ಹೂಡೀರೇನು?" ಎಂದು ನಕ್ಕಳು.

ಮಹಾಲಿಂಗಪ್ಪನಿಗೆ ಸಿಟ್ಟು ಬಂತು. "ಮಂಗಳಾರ ಆ ವಿಜಯ ಬರತಾನ. ಕಟ್ಟಿ ಕೊಟ್ಟಬಿಡ್ರಿ ಅದನ್ನ. ನಂದೇನರ ಆಗಲಿ."

ಆ 'ಏನಾದರೂ' ಎಂದರೆ ಏನು ಎಂದು ಪ್ರತಿ ರಾತ್ರಿ ಕೇಳಿಸಿಕೊಂಡವಳು ಸಾವಕ್ಕ ಒಬ್ಬಳೇ.

ಮಂಗಳವಾರಕ್ಕೆ ಎರಡು ದಿನ ಮೊದಲು ಅಮಾವಾಸ್ಯೆ ಬಂತು. ಅಮಾಸಿಗೆ ಅವರ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಹಗಲೂ ರಾತ್ರಿ ಖಟಖಟ ಅನ್ನುವ ಓಣಿ ಅಂದು ಸುಮ್ಮನಿರುತ್ತದೆ. ಮಧ್ಯಾಹ್ನ ಕಡಬು ಉಂಡು ಮಹಾಲಿಂಗಪ್ಪ ಅಡ್ಡಾದ. ಸಾವಕ್ಕ ಮಷಿನ್ ತಂದು ಪಕ್ಕದಲ್ಲಿಟ್ಟಳು.

"ಒಂದ ಸಲ ಹಾಕ್ಕೋರಿ. ನನ್ನ ಸಲವಾಗಿ."

"ನಿನ್ನ ಸಲವಾಗಿ ಅಂದ್ರ ನೀನ ಹಾಕ್ಕೋ."

"ಹಾಕ್ಕೋತೇನಿ, ತರ್ರಿ ಇಲ್ಲೆ." ಸೆರಗು ಸರಿಸಿ ಕೈ ಚಾಚಿಯೇಬಿಟ್ಟಳು.

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮುಖವಾಡ ಹಾಕಿಕೊಂಡ. ಮಷಿನ್ ಶುರುವಾಯಿತು.

ಆಗ ಸಾವಕ್ಕನಿಗೆ ಕೇಳಿಸಿತು. ಮಷಿನ್ನಿನ ಗುಂಯ್ ಎನ್ನುವ ಸದ್ದಿನ ಜೊತೆಗೆ ಇನ್ನೊಂದು, ಸಣ್ಣದು, ಸುಸ್ ಅಂತ. ಹನ್ನೆರಡು ದಿನ ಮಗ್ಗಗಳ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳು ಬಗ್ಗಿ ಮುಖವಾಡದ ಸುತ್ತ ಬೆರಳು ಆಡಿಸಿದಳು. ಎಡಗಣ್ಣಿನ ಕೆಳಗೆ, ಮೂಗಿನ ಪಕ್ಕ, ಬೆರಳಿಗೆ ತಣ್ಣಗೆ ಗಾಳಿ ತಾಗಿತು. ಮಹಾಲಿಂಗಪ್ಪ ರೂಢಿಯಂತೆ ಪಟ್ಟಿ ಜಗ್ಗಿದ. ಸದ್ದು ಜೋರಾಯಿತು.

"ತಡೀರಿ!" ಅವನ ಕೈ ಹಿಡಿದಳು. "ಬಿಗದಷ್ಟೂ ಸೋರಾಕತ್ತೇತಿ ಅದು. ಸಡ್ಲ ಮಾಡ್ರಿ."

"ಸಡ್ಲ ಮಾಡಿದ್ರ ಸೋರೂದು ನಿಲ್ತತೇನ್? ಹುಚ್ಚಿ!"

ಆದರೂ ಪಟ್ಟಿ ಸಡಿಲಬಿಟ್ಟ. ಸುಸ್ ಎನ್ನುವುದು ಅರ್ಧಕ್ಕರ್ಧ ಇಳಿಯಿತು. ಮಂಗಲಾ ಅಷ್ಟರಲ್ಲಿ ವಿಜಯನಿಗೆ ಫೋನ್ ಹಚ್ಚಿ, ನಡೆದದ್ದು ಹೇಳಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

"ಅಮ್ಮಾ, ನೀವು ಹೇಳೂದು ಖರೆ ಐತ್ರಿ," ಅಂದ ಅವನು. "ಬಿಗದ್ರ ಮೆತ್ತನ ಅಂಚು ಮಡಚತೈತಿ. ಮೊದ್ಲ ಮಾರಿ ತೊಳಕೋರಿ ಕಾಕಾ, ಎಣ್ಣಿ ಇರಬಾರದು. ಮಲಕೊಂಡು, ಗಾಳಿ ಚಾಲೂ ಇರೂವಾಗನ ಮುಖವಾಡ ಒಂದ್ ಚೂರು ಎತ್ತಿ ಬಿಡ್ರಿ. ತಾನ ಕೂಡತೈತಿ."

"ಗಾಳಿ ಕಡಿಮಿ ಮಾಡಾಕ ಹೇಳ ಅಂವಗ," ಎಂದು ಮುಖವಾಡದೊಳಗಿಂದಲೇ ಮಹಾಲಿಂಗಪ್ಪ ಕೂಗಿದ.

"ಆ ನಂಬರ್ ಮುಟ್ಟಬ್ಯಾಡ್ರಿ, ಅದು ಡಾಕ್ಟರು ಬರದದ್ದು. ಆದ್ರ ಸುರುವಿಗೆ ಮೆಲ್ಲಕ ಬಂದು ಆಮ್ಯಾಲ ಏರೂಹಂಗ ಇಡಬಹುದು. ಅಕ್ಕಾ, ಗುಂಡಿ ತಿರುವ್ರಿ, ರ‍್ಯಾಂಪ್ ಅಂತ ಬರತೈತಿ ನೋಡ್ರಿ. ಅದನ್ನ ಇಪ್ಪತ್ತ ಮಿನಿಟಕ್ಕ ಇಡ್ರಿ. ಮೂಗು ಒಣಗಬಾರ್ದಂತ ನೀರಿನ ಡಬ್ಬಿ ಐತಲ್ಲ, ಅದನ್ನ ತುಂಬೀರೇನ್?"

"ನೀರು ಹಾಕಬೇಕೇನ್ರಿ ಅದಕ್ಕ?" ಅಂದಳು ಮಂಗಲಾ.

"ಕುದಿಸಿ ಆರಿಸಿದ್ದು ಹಾಕ್ರಿ," ಎಂದ ವಿಜಯ. "ನಾನ ಸರಿಯಾಗಿ ಹೇಳಿರಲಿಲ್ಲ ಕಾಣತೈತಿ. ತಪ್ಪಾತು."

ಮಂಗಲಾ ಓದಿ ಹೇಳುತ್ತ ಗುಂಡಿ ತಿರುವಿದಳು. ನೀರು ತುಂಬಿದರು. ಮಹಾಲಿಂಗಪ್ಪ ಮುಖ ತೊಳೆದು ಬಂದು ಮಲಗಿದ. ಸಾವಕ್ಕ ಮುಖವಾಡವನ್ನು ಒಂದಿಷ್ಟು ಎತ್ತಿ ಬಿಟ್ಟಳು, ಅದು ಕೂತಿತು. ಕಿವಿಗೊಟ್ಟಳು. ಸುಸ್ ಇಲ್ಲ.

ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು. ಗೊರಕೆ ಬರಲಿಲ್ಲ. ಸಾವಕ್ಕ ತಟ್ಟನೆ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ಕೈ ತೆಗೆಯಲು ಮನಸ್ಸಾಗದೆ ಹಾಗೇ ಕುಳಿತಳು. ಮನೆದೇವರ ಹೆಸರು ಬಾಯಿಗೆ ಬಂತು. ಅದರ ಹಿಂದೆಯೇ ವಿಜಯನ ಹೆಸರು, ಜಮಖಂಡಿ ಡಾಕ್ಟರ ಹೆಸರು, ಸ್ವಿಚ್ ಆರಿಸಿದ ಮಂಗಲಾಳ ಹೆಸರು. ಎಲ್ಲರನ್ನೂ ಒಬ್ಬೊಬ್ಬರಾಗಿ ನೆನೆದಳು.

ಸಂಜೆ ಐದಕ್ಕೆ ಎದ್ದ ಮಹಾಲಿಂಗಪ್ಪ ಚಹಾ ಕೇಳಿದ. ರಾತ್ರಿ ಯಾರೂ ಹೇಳದೆ ತಾನೇ ಮುಖವಾಡ ಹಾಕಿಕೊಂಡು ಮಲಗಿದ. ಮಂಗಳವಾರ ವಿಜಯ ಬಂದಾಗ, "ಒಯ್ಯಾಕ ಬಂದಿ ಏನು? ಅಕಿನ ಕೇಳು. ಅಕಿ ಬಿಡೂದಿಲ್ಲ," ಎಂದು ಹೆಂಡತಿಯ ಕಡೆ ಬೆರಳು ತೋರಿಸಿದ. ವಿಜಯ ಬೇಡವೆಂದರೂ ಬಿಡದೆ ಸಾವಕ್ಕ ಅವನ ಚೀಲಕ್ಕೆ ಹತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಹಾಕಿದಳು.

ಬುಧವಾರ ಸಾವಕ್ಕನಿಗೆ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಹೊರಗೆ ಎರಡೂ ಮಗ್ಗ ಓಡುತ್ತಿದ್ದವು. ಯಾವಾಗ ಶುರುವಾದವೋ ಅವಳಿಗೆ ತಿಳಿಯಲೇ ಇಲ್ಲ.

"ಅತ್ತಿಯಾರ್ನ ಎಬ್ಬಸಲೇನ್ರಿ ಮಾವಾ?" ಎನ್ನುತ್ತಿದ್ದಳು ಮಂಗಲಾ.

"ಎಬ್ಬಸಬ್ಯಾಡ. ಎರಡ ವರ್ಷಾತು ಅಕಿ ನನ್ನ ಕಾಯಾಕತ್ತು. ಮಲಗಲಿ."

ಸಾವಕ್ಕ ಕೌದಿ ಮೇಲೆಳೆದುಕೊಂಡು ಮತ್ತೆ ಕಣ್ಣು ಮುಚ್ಚಿದಳು.