ಅವ್ವನಿಗೆ ತೋರಿಸದ ಮಣ್ಣು

ಮೇಣದಬತ್ತಿ ಆರಿಸಿದೊಡನೆ ಏಳುವ ಆ ಸುಟ್ಟ ವಾಸನೆ ಇವತ್ತಿಗೂ ನನ್ನನ್ನು ಹೆತ್ತೂರಿನ ಎಸ್ಟೇಟಿಗೆ ಎಳೆದೊಯ್ಯುತ್ತದೆ. ಅಪ್ಪ ಅಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದರು. ನನಗೆ ಒಂಬತ್ತು ವರ್ಷ. ತಂಗಿ ಶೈಲಳಿಗೆ ಇನ್ನೂ ಐದು ತುಂಬಿರಲಿಲ್ಲ. ಆ ಮಳೆಗಾಲ ಜ್ವರ ಬಂದು ನಾಲ್ಕನೇ ದಿನಕ್ಕೆ ಅವಳು ತೀರಿಕೊಂಡಳು. ಗಂಡಸರು ಅವಳನ್ನು ಅಪ್ಪನ ಪಂಚೆಯಲ್ಲಿ ಸುತ್ತಿ ತೋಟದಾಚೆಯ ದಿಣ್ಣೆಗೆ ಒಯ್ದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಕಾಫಿ ಗಿಡಗಳ ನಡುವೆ ಅವರು ಮರೆಯಾಗುವವರೆಗೂ ಅವ್ವ ಜಗಲಿಯಲ್ಲಿ ನಿಂತು ನೋಡಿದಳು. ಮೂರನೇ ದಿನ ಹಾಲುತುಪ್ಪ ಬಿಡಲು ಹೋದವರೂ ಗಂಡಸರೇ. ತಾನೂ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಅಜ್ಜಿ ಅಂದು ಅವ್ವನ ಬೆನ್ನು ಸವರಿ, "ಎಳೇ ಕೂಸು ಕಣವ್ವ, ಮೂರು ದಿನಕ್ಕೆ ಸೂತಕ ಮುಗೀತು. ಇನ್ನು ಅಳಬ್ಯಾಡ," ಎಂದಳು.

ಅವ್ವ ಅಳಲಿಲ್ಲ. ನನ್ನ ತಲೆ ಬಾಚುತ್ತಿದ್ದವಳು ನಡುವೆಯೇ ಕೈ ನಿಲ್ಲಿಸಿಬಿಡುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿರುತ್ತಿತ್ತು. ಎರಡು ಮಳೆಗಾಲ ಕಳೆದರೂ ಮನೆಯಲ್ಲಿ ಯಾರೂ ಶೈಲಳ ಹೆಸರೆತ್ತಲಿಲ್ಲ. ಅಪ್ಪ ಹಾಜರಿ ಪುಸ್ತಕ ಹಿಡಿದು ಬೆಳಿಗ್ಗೆಯೇ ಹೊರಡುತ್ತಿದ್ದರು. ಅವರು ಮರೆತೇಬಿಟ್ಟರೆಂದು ಅವ್ವ ಒಳಗೊಳಗೇ ಕುದಿಯುತ್ತಿದ್ದಳು.

ನಮ್ಮ ಪಕ್ಕದ ಮನೆಯವರು ಎಸ್ಟೇಟಿನ ಜೀಪ್ ಡ್ರೈವರ್‌ನ ಹೆಂಡತಿ ಫ್ಲೋರಿಬಾಯಿ. ಮಂಗಳೂರು ಕಡೆಯ ಕ್ರೈಸ್ತರು. ನವೆಂಬರಿನ ಒಂದು ದಿನ ಅವರು ನಮ್ಮ ಅಂಗಳದ ಚೆಂಡುಹೂ ಕೇಳಲು ಬಂದರು. ಕೈಯಲ್ಲಿ ಮೇಣದಬತ್ತಿಯ ಕಟ್ಟಿತ್ತು.

"ಮಗನ ಸಮಾಧಿಗೆ. ಅವ ಹೋಗಿ ಹತ್ತು ವರ್ಷ ಆಯ್ತು. ಪ್ರತಿ ವರ್ಷ ಹೋಗಿ ಗುಡಿಸಿ, ಮಾತಾಡಿ ಬರ್ತೇನೆ."

ಅವ್ವ ಹೂ ಕೀಳುವುದನ್ನು ನಿಲ್ಲಿಸಿದಳು. "ಹತ್ತು ವರ್ಷ ಆದ್ಮೇಲೂ ಅಳಬೋದಾ?"

"ಅಳದೆ? ತಾಯಿ ಅಲ್ವಾ ನಾನು?" ಎಂದ ಫ್ಲೋರಿಬಾಯಿ, ಕಟ್ಟಿನಿಂದ ಒಂದು ಬತ್ತಿ ತೆಗೆದು ಅವ್ವನ ಕೈಗಿಟ್ಟರು.

ಮಾರನೆಯ ಬೆಳಿಗ್ಗೆ ಅವ್ವ ಅಪ್ಪನಿಗೆ ಅಡ್ಡ ನಿಂತಳು. "ನನ್ ಕೂಸು ಎಲ್ಲೈತೆ, ತೋರ್ಸಿ." ಅಪ್ಪ ಹಾಜರಿ ಪುಸ್ತಕ ಜಗಲಿಯ ಮೇಲಿಟ್ಟು ಮುಂದೆ ನಡೆದರು. ನಾನು ಅವ್ವನ ಸೆರಗು ಹಿಡಿದು ಹಿಂದೆ ಹೋದೆ. ದಿಣ್ಣೆಯ ಮೇಲೆ ಅಪ್ಪ ಒಂದು ಕಡೆ ನಿಂತರು, ಅಲ್ಲಿಂದ ಇನ್ನೊಂದು ಕಡೆ ಹೋದರು, ಹುಲ್ಲು ಸರಿಸಿದರು, ತಿರುಗಿ ಬಂದರು.

"ಇಲ್ಲೇ ಕಲ್ಲಿಟ್ಟಿದ್ದೆ ಕಣೇ. ವಾರಕ್ಕೊಂದ್ಸಲ ಬಂದು ನೋಡ್ಕೊಂಡ್ ಹೋಗ್ತಿದ್ದೆ. ಈ ಸಲದ ಮಳೆಗೆ ದಿಣ್ಣೆ ಜಾರ್ಬುಟ್ಟೈತೆ. ನಿಂಗೆ ಹೆಂಗೆ ಹೇಳ್ಲಿ ಅಂತ..."

ಅಪ್ಪ ಒದ್ದೆ ಮಣ್ಣಿನಲ್ಲೇ ಕೂತುಬಿಟ್ಟರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವ್ವ ಅವರ ಪಕ್ಕ ಕೂತು, ಬತ್ತಿ ಹಚ್ಚಿ, ಆ ಇಳಿಜಾರಿನ ಉದ್ದಕ್ಕೂ ಕೇಳುವಂತೆ "ಶೈಲಾ, ಶೈಲಾ" ಎಂದು ಕೂಗಿದಳು. ಆಮೇಲೆ ಬತ್ತಿ ಆರಿ ಸುಟ್ಟ ವಾಸನೆ ಏಳುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಅವ್ವನ ದುಃಖ ಅಲ್ಲಿಗೆ ಮುಗಿಯಲಿಲ್ಲ, ಕೊನೆಯವರೆಗೂ ಇತ್ತು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಶೈಲಳ ಮಾತು ಶುರುವಾಯಿತು. ಅಪ್ಪ ಹೋಗಿ ಬಹಳ ವರ್ಷವಾಯಿತು. ಕಳೆದ ವರ್ಷ ಅವ್ವನೂ ಹೋದಳು. ಹೆಂಗಸರಿಗೆ ಬೇಡವೆಂದವರ ನಡುವೆಯೇ ನಾನು ಅವಳ ಮಣ್ಣಿಗೆ ಹೋದೆ. ಅವಳನ್ನು ಮಲಗಿಸಿದ ಜಾಗ ನನಗೆ ಚೆನ್ನಾಗಿ ಗೊತ್ತಿದೆ. ತಂಗಿಯದು ಇನ್ನು ಯಾರಿಗೂ ಗೊತ್ತಿಲ್ಲ.