ಟೇಶನ್ ಕಾಕುವಿನ ನಾನಖಟಾಯಿ

ಅವರ ಎಡಹುಬ್ಬು ಯಾವಾಗಲೂ ಅರ್ಧವೇ ಇರುತ್ತಿತ್ತು. ಮೂಗಿನ ಕಡೆಯ ಅರ್ಧ ದಟ್ಟವಾಗಿ, ಕಪ್ಪಗೆ. ಕಿವಿಯ ಕಡೆಯದು ಬೋಳು. ಮೊದಲ ಸಲ ನೋಡಿದಾಗ ಹುಟ್ಟಿನಿಂದಲೇ ಹಾಗಿರಬೇಕು ಅಂದುಕೊಂಡೆ. ಆಮೇಲೊಂದು ದಿನ ಅವರು ನಾನಖಟಾಯಿ ಬೇಯಿಸುವುದನ್ನು ಕಂಡೆ. ಇದ್ದಿಲ ಶೇಗಡಿಯ ಮೇಲೆ ಅಡ್ಡ ಮಲಗಿಸಿದ ಎಣ್ಣೆ ಡಬ್ಬಿ, ಅದರೊಳಗೆ ಉಸುಕು, ಉಸುಕಿನ ಮೇಲೊಂದು ತಾಟು, ಡಬ್ಬಿಯ ಬಾಯಿಗೆ ತಗಡಿನ ಮುಚ್ಚಳ. ಅವರು ಆಗಾಗ ಮುಚ್ಚಳ ಸರಿಸಿ, ಮುಖವನ್ನು ಡಬ್ಬಿಯ ಬಾಯಿಗೆ ಒಯ್ದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಒಳಗಿನ ಝಳಕ್ಕೆ ಹುಬ್ಬು ಸುಡುತ್ತಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ.

"ಕಾಕು, ಗಡಿಯಾರ ಇಟ್ಟುಕೊಂಡು ನೋಡಬಾರದೇನ್ರಿ?" ಎಂದು ಕೇಳಿದ್ದೆ.

"ಗಾಡಿಗೆ ಗಡಿಯಾರ, ನಾನಖಟಾಯಿಗೆ ಮೂಗು," ಅಂದಿದ್ದರು.

ನಮ್ಮೂರ ಸ್ಟೇಶನ್ ಮಾಸ್ತರರ ಹೆಂಡತಿ ಅವರು. ಊರಿಗೆಲ್ಲ ಚಿಕ್ಕಮ್ಮನ ಹಾಗೆ, ಟೇಶನ್ ಕಾಕು. ನಾನು ಮದುವೆಯಾಗಿ ಕುಂದಗೋಳ ತಾಲ್ಲೂಕಿನ ಆ ಸಣ್ಣ ಊರಿಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನನ್ನ ತವರು ತಿರ್ಲಾಪುರ. ಅಲ್ಲಿ ಹತ್ತಿ ಹೊಲಗಳಿದ್ದವು, ಆಕಾಶವಿತ್ತು, ರೈಲು ಇರಲಿಲ್ಲ. ಇಲ್ಲಿ ನಮ್ಮ ಮನೆಯ ಎದುರಿಗೇ ಸ್ಟೇಶನ್ನು. ಮೊದಲ ವಾರ ಪ್ರತಿ ಗಾಡಿ ಬಂದಾಗಲೂ ಕೆಲಸ ಬಿಟ್ಟು ಕಟ್ಟೆಗೆ ಓಡಿಬರುತ್ತಿದ್ದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಮನೆಯಲ್ಲಿ ಅತ್ತೆ ಮತ್ತು ಮದುವೆಯ ವಯಸ್ಸಿಗೆ ಬಂದ ನಾದಿನಿ. ಅತ್ತೆಗೆ ನನ್ನ ಅಡಿಗೆಯ ಬಗ್ಗೆ ದೊಡ್ಡ ಭರವಸೆಯೇನೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ನಾನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು.

ಒಂದು ಮಧ್ಯಾಹ್ನ ಕಾಕು ಒಂದು ತಾಟಿನ ಮೇಲೆ ಅರಿವೆ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ಅರಿವೆ ಸರಿಸಿದರೆ ಹೊಂಬಣ್ಣದ ಕೇಕು. ಅತ್ತೆ ಮುಟ್ಟಲಿಲ್ಲ.

"ತತ್ತಿ ಹಾಕೀರೇನು?" ಎಂದು ಕೇಳಿದರು.

"ನಮ್ಮ ಮನಿಯಾಗ ತತ್ತಿ ಎಲ್ಲಿಂದ ಬರಬೇಕ್ರಿ ವೈನಿ? ಮೊಸರು, ರವಾ, ಬೆಲ್ಲ, ಚಿಟಿಕಿ ಸೋಡಾ. ತಿಂದು ನೋಡ್ರಿ. ಪಾಪ ಬಂದ್ರ ನನಗ ಬರ್ಲಿ."

ಅತ್ತೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು ಮುರಿದರು. ಕಾಕು ನನ್ನ ಕಡೆ ನೋಡಿ ಆ ಅರ್ಧ ಹುಬ್ಬನ್ನು ಏರಿಸಿದರು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವರು. ನನ್ನ ತಾಯಿಗಿಂತ ಒಂದೆರಡು ವರ್ಷ ದೊಡ್ಡವರೇ ಇದ್ದಿರಬೇಕು.

ಈ ಬೇಯಿಸುವ ವಿದ್ಯೆಯನ್ನು ಅವರು ಕಲಿತದ್ದು ಲೋಂಡಾದ ರೈಲ್ವೆ ಕಾಲೊನಿಯಲ್ಲಿ. ಬಾಜೂ ಮನೆಯಲ್ಲಿ ಗೋವಾದ ಡ್ರೈವರನೊಬ್ಬನ ಹೆಂಡತಿ ಇದ್ದಳಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆ ಡಬ್ಬಿಯನ್ನು ಮೂಸಿ ಇವರ ಮುಖ ನೋಡುವುದು, ಇವರು ಮೂಸಿ ಆಕೆಯ ಮುಖ ನೋಡುವುದು, ಹಾಗೆ ಕಲಿತರು. ತತ್ತಿಯನ್ನು ಬಿಟ್ಟು ಮೊಸರನ್ನು ಸೇರಿಸಿದ್ದು, ಮೈದಾದ ಜೊತೆಗೆ ಜೋಳದ ಹಿಟ್ಟು, ಎಳ್ಳು, ಅಜವಾನ ಹಾಕಿ ಖಾರದ ಬಿಸ್ಕೀಟು ಮಾಡಿದ್ದು ಅವರದೇ ಬುದ್ಧಿ.

ಅವರ ಮನೆಯಲ್ಲಿ ಯಾರೂ ನೇರವಾಗಿ ಊಟಕ್ಕೆ ಕೂಡುವಂತಿರಲಿಲ್ಲ. ಮೊದಲು ಸಣ್ಣ ತಾಟಿನಲ್ಲಿ ಏನಾದರೂ ಬರಬೇಕು. ಎಳೆ ಸೌತೆಕಾಯಿಗೆ ಶೇಂಗಾ ಚಟ್ನಿಪುಡಿ, ಹಸಿ ಮೆಂತ್ಯೆ ಸೊಪ್ಪಿನ ಪಚಡಿ, ಹಚ್ಚಿದ ಚುರುಮುರಿ, ಇಲ್ಲದಿದ್ದರೆ ಆ ಖಾರದ ಬಿಸ್ಕೀಟಿನ ಮೇಲೆ ಒಂದು ಚೂರು ಬೆಣ್ಣೆ. "ಬಾಯಿ ನಿದ್ದಿ ಮಾಡತಿರ್ತೈತಿ. ಮೊದಲ ಎಬ್ಬಸಬೇಕು. ಮಲಗಿದ ಬಾಯಿಗೆ ಹೋಳಿಗಿ ಹಾಕಿದ್ರೂ ಅಷ್ಟ, ಹಿಟ್ಟು ಹಾಕಿದ್ರೂ ಅಷ್ಟ," ಎನ್ನುತ್ತಿದ್ದರು. ಮಾಸ್ತರು ಗಂಭೀರ ಮನುಷ್ಯ. ತಾಟಿನಲ್ಲಿದ್ದದ್ದನ್ನು ತಿಂದು, "ಚಲೋ ಆಗೇತಿ," ಅನ್ನುವುದು ಬಿಟ್ಟರೆ ಹೆಚ್ಚಿಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಆ ಎರಡು ಮಾತು ಹೇಳುವವರೆಗೆ ಕಾಕು ತಾವು ತುತ್ತೆತ್ತುತ್ತಿರಲಿಲ್ಲ.

ರವಿವಾರ ಬಂತೆಂದರೆ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಂಜಾನೆಯ ಪ್ಯಾಸೆಂಜರ್ ಹತ್ತಿ ಹುಬ್ಬಳ್ಳಿಗೆ ಹೋಗಿ, ಗಿರ್ಮಿಟ್ಟು ಮಿರ್ಚಿ ತಿಂದು, ಸಂಜೆಯ ಗಾಡಿಗೆ ಬರುವುದು. ಚಳಿಗಾಲದಲ್ಲಿ ಒಂದೆರಡು ಸ್ಟೇಶನ್ನಿನಾಚೆ ಪರಿಚಯದವರ ಹೊಲಕ್ಕೆ ಹೋಗಿ, ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿಯನ್ನೋ, ಸುಟ್ಟ ಕಡಲೆಯ ಸುಲಗಾಯಿಯನ್ನೋ ತಿಂದು ಬರುವುದು. ಎಲ್ಲಿಗೆ ಹೋದರೂ ತಿನ್ನಲಿಕ್ಕೇ ಹೋಗುವುದು. ಮೊದಲ ಸಲ ನನ್ನನ್ನು ಕರೆಯಲು ಬಂದಾಗ ಅತ್ತೆ ಕೆಂಡವಾದರು.

"ಸೊಸಿಯಾದಾಕಿ ರೈಲು ಹತ್ತಿ ಭಜಿ ತಿನ್ನಾಕ ಹೋಗೂದಂದ್ರೇನು? ಮಂದಿ ಏನಂದಾರು?"

"ಮಂದಿಗೆ ಏನನ್ನಾಕೂ ಬರದಂಗ ಮಾಡೂಣು. ನೀವೂ ನಡೀರಿ ವೈನಿ. ಅತ್ತಿ ಸೊಸಿ ಕೂಡಿ ಹೋದ್ರ ಯಾರು ಏನಂತಾರ?"

ಅತ್ತೆ ಬಯ್ಯುತ್ತಲೇ ಸೀರೆ ಬದಲಾಯಿಸಿದರು. ಹುಬ್ಬಳ್ಳಿಯಲ್ಲಿ ನಾನು ಎರಡು ಮಿರ್ಚಿಗೆ ಸುಸ್ತಾದರೆ ಅತ್ತೆ ಕಣ್ಣಲ್ಲಿ ನೀರು ಸುರಿಸುತ್ತ, "ಇದರಾಗ ಏನ್ ಹಾಕ್ಯಾರ ಅಂತ ನೋಡಾಕ ಬೇಕಲ್ಲ," ಎಂದು ಮೂರನೆಯದಕ್ಕೆ ಕೈ ಹಾಕಿದ್ದರು. ಕಾಕುವಿನದು ಒಂದೇ ಕರಾರು: ತಿಂದು ಬಂದದ್ದನ್ನು ಬರುವ ರವಿವಾರದೊಳಗೆ ಮನೆಯಲ್ಲಿ ಮಾಡಿ ತೋರಿಸಬೇಕು. ಹೀಗೆ, ತಿನ್ನುವ ಆಸೆಯಿಂದಲೇ ನನ್ನ ಕೈ ಮೆಲ್ಲಗೆ ಅಡಿಗೆಗೆ ಪಳಗತೊಡಗಿತು.

ಮರು ವರ್ಷ ಮಳೆಗಾಲದಲ್ಲಿ ಕಾಕುವಿಗೆ ದೊಡ್ಡ ಜ್ವರ ಬಂತು. ನೆಗಡಿಯಿಂದ ಸುರುವಾದದ್ದು ಹಾಸಿಗೆ ಹಿಡಿಸಿಬಿಟ್ಟಿತು. ಎದ್ದಾಗ ಬಹಳ ಇಳಿದುಹೋಗಿದ್ದರು. ಮತ್ತೆ ಮೊದಲಿನಂತೆ ಓಡಾಡತೊಡಗಿದರು, ರವಿವಾರದ ತಿರುಗಾಟವೂ ನಡೆಯಿತು. ಆದರೆ ಯಾವುದನ್ನು ತಿಂದರೂ, "ಹ್ಯಾಂಗಾಗೇತಿ? ಚಲೋ ಐತೇನು?" ಎಂದು ನಮ್ಮನ್ನು ಕೇಳುವರು. ಮೊದಲು ಅವರು ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಜ್ವರದ ನಿಶ್ಶಕ್ತಿ ಇರಬೇಕು ಅಂದುಕೊಂಡೆ.

ಆಗ ನಮ್ಮ ನಾದಿನಿಯನ್ನು ನೋಡಲು ಹಾವೇರಿ ಕಡೆಯಿಂದ ಗಂಡಿನವರು ಬರುತ್ತಾರೆಂದು ಗೊತ್ತಾಯಿತು. ಈ ಮೊದಲು ಬಂದ ಎರಡು ಸಂಬಂಧ ಕೂಡಿಬಂದಿರಲಿಲ್ಲ. ನಾದಿನಿ ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಅತ್ತೆ ತಾವಾಗಿಯೇ ಸ್ಟೇಶನ್ನಿನ ಪಕ್ಕದ ಕಾಕುವಿನ ಮನೆಗೆ ಹೋಗಿ, "ಉಪ್ಪಿಟ್ಟು ಅವಲಕ್ಕಿ ಎಲ್ಲಾರೂ ಕೊಡ್ತಾರ. ನಿಮ್ಮ ನಾನಖಟಾಯಿ ಇಟ್ರ ಮನಿಗೆ ಒಂದು ಕಳೆ," ಎಂದು ಕೇಳಿ ಬಂದರು. ಅವರು ಹಾಗೆ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

ಆ ದಿನ ಮಧ್ಯಾಹ್ನದ ಗಾಡಿಗೆ ಗಂಡಿನವರು ಬರುವವರಿದ್ದರು. ನಾನು ನಾನಖಟಾಯಿ ತರಲು ಕಾಕುವಿನ ಮನೆಗೆ ಹೋದೆ. ಹಿತ್ತಲ ಬಾಗಿಲು ದಾಟುವಾಗಲೇ ಮೂಗಿಗೆ ಕಮಟು ಬಡಿಯಿತು. ತುಪ್ಪ, ಹಿಟ್ಟು ಎರಡೂ ಹೊತ್ತಿದ ವಾಸನೆ. ಒಳಗೆ ನೋಡಿದರೆ ಕಾಕು ಶೇಗಡಿಯ ಮುಂದೆಯೇ ಬೆನ್ನು ತಿರುಗಿಸಿ ಕುಳಿತು, ಹಾಡು ಗುನುಗುತ್ತ ಏಲಕ್ಕಿ ಕುಟ್ಟುತ್ತಿದ್ದರು. ಮುಚ್ಚಳದ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ಕಾಕು! ಹೊತ್ತೈತ್ರಿ!"

ಅವರು ತಿರುಗಿ ಬರಿಗೈಯಿಂದಲೇ ಮುಚ್ಚಳ ಎಳೆದರು. ತಾಟಿನ ತುಂಬ ಕರಿ ಕರಿ ಬಿಲ್ಲೆಗಳು. ಅವರು ಅವನ್ನು ನೋಡುತ್ತ ಕುಳಿತರು. ನಾನು ಅವರ ಮುಖ ನೋಡಿದೆ. ಆಗ ಕಣ್ಣಿಗೆ ಬಿತ್ತು: ಎಡಹುಬ್ಬು ಪೂರ್ತಿ ಬೆಳೆದಿತ್ತು.

"ಕಾಕು, ನೀವು ಮೂಸಲಿಲ್ಲೇನ್ರಿ?"

"ಬಾಗಲಾ ಮುಂದ ಮಾಡು," ಅಂದರು. ನಾನು ಬಾಗಿಲು ಮುಚ್ಚಿದೆ. "ಜ್ವರ ಬಂದು ಹ್ವಾದಾಗಿಂದ ಮೂಗು ಸತ್ತೈತಿ. ಒಂದೂ ವಾಸನಿ ಇಲ್ಲ. ಮಲ್ಲಿಗಿ ಇಲ್ಲ, ಇಂಗು ಇಲ್ಲ, ಮಳಿ ಇಲ್ಲ. ಬಾಯಾಗ ಉಪ್ಪು, ಖಾರ, ಸೀ ಗೊತ್ತಾಗತೈತಿ. ಬಾಕಿ ಎಲ್ಲಾ ಅರಿವಿ ತಿಂದಂಗ. ತಾನಾಗಿ ಬಂದೀತು ಅಂತ ಕಾದೆ. ಬರಲಿಲ್ಲ."

"ಮಾಸ್ತರಿಗೆ ಹೇಳೀರೇನ್ರಿ?"

"ಹೇಳಿಲ್ಲ. ನೀನೂ ಹೇಳಬ್ಯಾಡ. ಗೊತ್ತಾದ್ರ ಅವರು ಉಣ್ಣೂ ಮುಂದ ನನ್ನ ಮಾರಿ ನೋಡಾಕ ಸುರು ಮಾಡ್ತಾರ. ಚಲೋ ಆಗೇತಿ ಅಂದ್ರ ಅದು ಖರೇನೋ, ಕನಿಕರಾನೋ ನನಗ ಹ್ಯಾಂಗ ತಿಳೀಬೇಕು? ಅದೊಂದು ಮಾತಿನ ಮ್ಯಾಲ ಇಷ್ಟು ವರ್ಷ ಬಾಳೇ ಮಾಡೇನಿ ನಾನು."

ಹೀಗೆನ್ನುವಾಗಲೇ ಹೊರಗಿನಿಂದ ಮಾಸ್ತರರ ದನಿ ಕೇಳಿಸಿತು. ನಮ್ಮ ಮನೆಯ ಕಟ್ಟೆಯ ಮೇಲಿದ್ದ ಅತ್ತೆಗೆ ಅವರು ಕೂಗಿ ಹೇಳುತ್ತಿದ್ದರು: "ಗಾಡಿ ತಡಾ ಐತ್ರಿ ವೈನಿ! ಅವಸರ ಮಾಡಬ್ಯಾಡ್ರಿ!"

ಕಾಕು ಕಣ್ಣೊರೆಸಿಕೊಂಡು ಎದ್ದರು. ಉಳಿದ ತುಪ್ಪವನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಸರಿ ಐತೇನು?" ಎಂದು ಕೇಳಿದರು. ಸರಿ ಇತ್ತು. ಮತ್ತೆ ಹಿಟ್ಟು ನಾದಿದರು. ಅವರ ಕೈಗೆ ಯಾವ ಮರೆವೂ ಇರಲಿಲ್ಲ. ತಾಟು ಒಳಗಿಟ್ಟು, ನನ್ನನ್ನು ತಮ್ಮ ಜಾಗದಲ್ಲಿ ಕೂಡಿಸಿದರು.

"ಈಗ ಹ್ಯಾಂಗ ಬರಾಕತ್ತೈತಿ ವಾಸನಿ?"

"ಹಸಿ ಹಿಟ್ಟಿನಂಗ್ರಿ."

"ತಡಿ. ಮುಂದ ಹಸಿ ಹೋಗಿ ಹಾಲು ಕಾಸಿದಂಗ ಬರ್ತೈತಿ. ಆಮ್ಯಾಲೆ ಶೇಂಗಾ ಹುರದಂಗ. ಶೇಂಗಾ ಬಂದ ಕೂಡ್ಲೆ ತಗಿ. ಒಂದು ಉಸಿರು ತಡಾ ಮಾಡಿದ್ರೂ ಕಹಿ."

ನಾನು ಮೂಸಿದೆ. ಝಳ ಮುಖಕ್ಕೆ ಬಡಿಯುತ್ತಿತ್ತು. ಹಾಲಿನ ವಾಸನೆ ಬಂತು. ಹೇಳಿದೆ. ಕಾಕು ನನ್ನ ಭುಜ ಹಿಡಿದುಕೊಂಡು, ಕಣ್ಣು ಮುಚ್ಚಿ ಕಾದರು. ಎಲ್ಲಿಂದಲೋ ಬಂದಂತೆ ಶೇಂಗಾ ಬಂತು.

"ಬಂತ್ರಿ!"

"ತಗಿ!"

ತಾಟಿನಲ್ಲಿ ನಾನಖಟಾಯಿಗಳು ಮೇಲೆ ಬಿರಿದು, ಅಂಚಿಗೆ ತುಸುವೇ ಕೆಂಪಾಗಿ ಕುಳಿತಿದ್ದವು. ಕಾಕು ಒಂದನ್ನು ಮುರಿದು ಅದರ ಸದ್ದು ಕೇಳಿದರು. ನಂತರ ನನ್ನ ತಲೆಯ ಮೇಲೆ ಕೈಯಿಟ್ಟರು.

ಗಂಡಿನವರು ಬಂದರು. ಗಂಡಿನ ತಾಯಿ ನಾನಖಟಾಯಿಯನ್ನು ಚಹಾದಲ್ಲಿ ಅದ್ದಿಕೊಳ್ಳದೆ, ಮೆಲ್ಲಗೆ ಕರಗಿಸಿಕೊಂಡು ತಿಂದರು. ನಾದಿನಿಯನ್ನು ಬಾಜೂ ಕೂಡಿಸಿಕೊಂಡು ಅವಳ ಕೈಗೂ ಒಂದನ್ನು ಇಟ್ಟು, "ತಿನ್ನವಾ, ನಮ್ಮನ್ನ ನೋಡಿ ಅಂಜಬ್ಯಾಡ," ಅಂದರು. ನಾದಿನಿ ಮೊದಲ ಸಲ ತಲೆಯೆತ್ತಿದಳು. ಆ ಸಂಬಂಧ ಕೂಡಿತು. ಅತ್ತೆ ಸಾಯುವವರೆಗೂ ಅದರ ಕೀರ್ತಿಯನ್ನು ಕಾಕುವಿಗೇ ಕೊಟ್ಟರು. ಆವತ್ತು ಬಾಗಿಲ ಹಿಂದೆ ನಡೆದದ್ದನ್ನು ನಾನು ಅವರಿಗೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಕಾಕು ಡಬ್ಬಿ ಏರಿಸಿದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ನಾನು ಮೂಸುವುದು, ಅವರು ಹೇಳುವುದು. ಒಗ್ಗರಣೆಯ ಸಾಸಿವೆಯದು, ಹುರಿದ ರವೆಯದು, ಪಾಕಕ್ಕೆ ಬಂದ ಬೆಲ್ಲದ್ದು, ಒಂದೊಂದನ್ನೂ ನೆನಪಿನಿಂದ ತೆಗೆದು ನನಗೆ ಕೊಟ್ಟರು. "ಮರತು ಹೋಗೂ ಮೊದಲ ನಿನ್ನ ಕಡೆ ಇಟ್ಟು ಬಿಡತೇನಿ," ಎಂದು ಒಮ್ಮೆ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ರವಿವಾರದ ಗಾಡಿಯಲ್ಲಿ ಕಿಟಕಿಯ ಹತ್ತಿರ ನನ್ನನ್ನು ಕೂಡಿಸಿ, "ಈಗೇನು?" ಎಂದು ಕೇಳುವರು. ಎಂಜಿನ್ನಿನ ಹೊಗೆ ಅನ್ನುವೆ, ಯಾರದೋ ಬುತ್ತಿಯ ಚಟ್ನಿ ಅನ್ನುವೆ. ಒಮ್ಮೆ ಮುಂಗಾರಿನ ಮೊದಲ ಮಳೆ ಬಿದ್ದು ನಿಂತಿತ್ತು. "ಎರಿ ಮಣ್ಣು ತೊಯ್ದದ್ದು ಕಾಕು," ಅಂದೆ. ಅವರು ಹೊರಗೆ ನೋಡಿ, "ಅದೊಂದ ಅಲ್ಲ. ಆ ಬಣವಿ ನೋಡು, ಜೋಳದ ಕಣಕಿ ತೊಯ್ದೈತಿ. ಅದೂ ಇರಬೇಕು," ಎಂದರು. ನಾನು ಮತ್ತೆ ಮೂಸಿದೆ. ಮಣ್ಣಿನ ಕೆಳಗೆ, ಸಣ್ಣಗೆ, ಸೀ ಸೀಯಾಗಿ ಕಣಕಿಯ ದಂಟಿನ ವಾಸನೆ ಇತ್ತು. ಅವರು ಹೇಳದಿದ್ದರೆ ಅದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಇನ್ನೆರಡು ವರ್ಷಕ್ಕೆ ಮಾಸ್ತರಿಗೆ ಬದಲಿಯಾಯಿತು. ಕಾಕು ಆ ಡಬ್ಬಿ, ತಾಟು, ಶೇಗಡಿಗಳನ್ನು ನನ್ನ ಹಿತ್ತಲಿಗೆ ತಂದಿಟ್ಟು, ಸಾಮಾನಿನ ಜೊತೆ ಗಾಡಿ ಹತ್ತಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನ್ನ ಮಕ್ಕಳ ಹುಟ್ಟುಹಬ್ಬ, ನೆರೆಯವರ ಮದುವೆ, ಊರಿನ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್, ಎಲ್ಲಕ್ಕೂ ಆಮೇಲೆ ನಾನೇ ಬೇಯಿಸಿದೆ. ಇವತ್ತು ನಾಲ್ಕು ಮಂದಿ ನನ್ನ ಕೈಯನ್ನು ಹೊಗಳಿದರೆ, ಅದರಲ್ಲಿ ನನ್ನದು ಬರೀ ಕೈ, ಉಳಿದದ್ದು ಅವರದು.

ಆ ದಶಕ ಮುಗಿಯುವ ಹೊತ್ತಿಗೆ, ಕಾಕು ತೀರಿಹೋದರೆಂಬ ಸುದ್ದಿ ಬಂತು. ಮಾಸ್ತರು ಆಗ ನಿವೃತ್ತರಾಗಿ ಹುಬ್ಬಳ್ಳಿಯಲ್ಲಿದ್ದರು. ನಾನು ಹೋದಾಗ ಬಂದವರೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಮಾಸ್ತರು ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಅಕಿಗೆ ವಾಸನಿ ಬರ್ತಿರಲಿಲ್ಲ. ನಿನಗ ಗೊತ್ತಿತ್ತಲ್ಲ ತಂಗಿ?"

ನಾನು ಬೆಚ್ಚಿದೆ. "ನಿಮಗ ಯಾವಾಗ ಹೇಳಿದ್ರು?"

"ಅಕಿ ಕಡೀತನಕಾ ಹೇಳಲಿಲ್ಲ. ಜ್ವರದಿಂದ ಎದ್ದ ವಾರದಾಗ ನನಗ ಗೊತ್ತಾತು. ಒಗ್ಗರಣಿಗೆ ಇಂಗು ಎರಡೆರಡು ಸಲ ಬೀಳಾಕ ಹತ್ತಿತು. ಹಾಲು ಕೆಟ್ಟದ್ದು ಅಕಿಗೆ ತಿಳೀತಿರಲಿಲ್ಲ. ಆವಾಗಿಂದ ಅಕಿ ಏಳೂ ಮೊದಲ ನಾ ಎದ್ದು, ಅಡಗಿಮನಿಗೆ ಹೋಗಿ ಹಾಲು ಮೂಸಿ ನೋಡಿ, ಕೆಟ್ಟಿದ್ರ ಚೆಲ್ಲಿ, ಬ್ಯಾರೆ ತಂದು ಇಡ್ತಿದ್ದೆ. ಬೆಕ್ಕು ಉರುಳಿಸಿತ್ತು ಅಂತಿದ್ದೆ." ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನಗ ಗೊತ್ತೈತಿ ಅಂತ ಅಕಿಗೆ ಗೊತ್ತಾಗಿದ್ರ, ಒಲಿ ಮುಂದ ಕುಂಡ್ರೂದ ಬಿಟ್ಟುಬಿಡ್ತಿದ್ದಳು. ಅಕಿ ಅಡಗಿ ಚಲೋನ ಇರ್ತಿತ್ತು ತಂಗಿ. ನಾ ಸುಳ್ಳ ಹೇಳಿಲ್ಲ."

ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಮುಂಜಾನೆ ಯಾರೋ ಕಾಸಿಟ್ಟ ಹಾಲು ಕಟ್ಟೆಯ ಮೇಲಿತ್ತು. ಮುಚ್ಚಳ ತೆಗೆದು ಮೂಸಿದೆ. ಚೆನ್ನಾಗಿತ್ತು. ಹಾಗೇ ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊರಗಿದ್ದ ಮಾಸ್ತರಿಗೆ ಕೇಳಿಸದಂತೆ, ಅತ್ತುಬಿಟ್ಟೆ.