ಮೇಷ್ಟ್ರ ಸ್ಕ್ರೀನ್ ಟೆಸ್ಟ್

ನಮ್ಮ ನಾಟಕದ ಮೇಷ್ಟ್ರು ನಡುಬೇಸಿಗೆಯಲ್ಲೂ ಕುತ್ತಿಗೆಗೆ ಕೆಂಪು ಮಫ್ಲರ್ ಸುತ್ತಿಕೊಂಡಿರುತ್ತಿದ್ದರು. ಕೆಂಪೋ ಕಂದೋ, ಈಗ ಆಣೆಯಿಟ್ಟು ಹೇಳಲಾರೆ. ಒಳಗಿನ ಗಂಟಲು ಹೋಗಿತ್ತು, ಅದು ಮಾತ್ರ ಖಂಡಿತ. ಚಂದಕವಾಡಿ, ಕುದೇರಿನ ರೈತರಿಗೆ ನಾಟಕ ಕಲಿಸಿ, ತಾವೂ ರಾಜನ ಪಾರ್ಟು ಕಟ್ಟಿ, ಕೂಗಿ ಕೂಗಿ ದನಿ ಒಡೆದಿತ್ತು. ಕಡೇ ಸಾಲಿಗೆ ಕೇಳಿಸುವುದಿಲ್ಲವೆಂದು ಊರವರು ಅವರ ಪಾರ್ಟನ್ನು ಬೇರೆಯವರಿಗೆ ಕೊಡತೊಡಗಿದ್ದರು. ಬಣ್ಣ ಹಚ್ಚದೆ ಬದುಕುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಐವತ್ತರ ದಶಕದ ನಡುವೆ ಇರಬೇಕು. ಸಿನಿಮಾದವರು ಗುಂಡ್ಲುಪೇಟೆಯ ಬಂಗಲೆಯಲ್ಲಿ ಇಳಿದಿದ್ದಾರೆ, ಮುದಿ ತಂದೆಯ ಪಾತ್ರಕ್ಕೆ ಈ ಕಡೆಯವರನ್ನೇ ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಚಾಮರಾಜನಗರದ ಮನೆಗೆ ಬಂದಿದ್ದೆ. ಎದುರು ಮನೆಯ ಮೇಷ್ಟ್ರು ಬಂದು ನಮ್ಮ ಜಗಲಿಯಲ್ಲಿ ಕುಳಿತರು.

"ಆ ಮಿಸೀನ್ ಮುಂದೆ ಪಿಸುಗುಟ್ಟುದ್ರೂ ಸಾಕಂತೆ ಕಣಪ್ಪ. ನನ್ನಂಗೆ ಗಂಟ್ಲು ಕೆಟ್ಟೋರ್ಗೇ ಮಾಡವ್ರೆ ಅದ. ಓದ್ದೋನು ನೀನು, ಜೊತೇಲಿ ಬಾ."

ಬಂಗಲೆಯ ಅಂಗಳದಲ್ಲಿ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತ್ತು. ಮೇಷ್ಟ್ರು ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದರು. ಮಗ ಸತ್ತ ಸುದ್ದಿ ಕೇಳಬೇಕು, ತೋಚಿದ ಒಂದು ಮಾತಾಡಬೇಕು, ತಿರುಗಿ ಬಾಗಿಲವರೆಗೆ ನಡೆಯಬೇಕು. ಪರೀಕ್ಷೆ ಅಷ್ಟೇ.

ಸುದ್ದಿ ಕೇಳಿದ ಮೇಷ್ಟ್ರು, "ಉಂಡಿದ್ನಾ?" ಎಂದರು. ಕ್ಯಾಮೆರಾದವನು ಕೂಡ ತಲೆಯೆತ್ತಿ ನೋಡಿದ. ಆಮೇಲೆ ಮೇಷ್ಟ್ರು ನಮ್ಮನ್ನೇ ನೋಡುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು, ಬಾಗಿಲ ಮೆಟ್ಟಿಲು ತಗುಲಿ ಕುಸಿದು ಕುಳಿತರು.

ಯಾರೋ ನಕ್ಕರು. ನಿರ್ದೇಶಕರು ನಗಲಿಲ್ಲ. "ತಿರುಗಿ ನಡೀಬೇಕು, ಮೇಷ್ಟ್ರೇ."

"ಜನಕ್ಕೆ ಬೆನ್ನು ತೋರ್ಸಬಾರ್ದು ಸ್ವಾಮಿ. ನಮ್ ಗುರುಗೋಳು ಒಡ್ದು ಕಲ್ಸವ್ರೆ."

"ಇಲ್ಲಿ ಜನ ಎಲ್ಲಿದ್ದಾರೆ?"

ಮೇಷ್ಟ್ರು ಕ್ಯಾಮೆರಾ ತೋರಿಸಿದರು. "ಅದ್ರ ಆ ಕಡೀಕೆ ಇಲ್ವಾ?"

ಇನ್ನೊಂದು ಸಲ ತೆಗೆದರು. ಈಗ ಮೇಷ್ಟ್ರು ತಿರುಗಿದರು. ಬಾಗಿಲು ಮುಟ್ಟುವ ಮೊದಲೇ ಕತ್ತು ತಾನಾಗಿ ಹಿಂದಕ್ಕೆ ಹೊರಳಿತು. ಫಿಲ್ಮು ದುಬಾರಿ, ಮತ್ತೆ ತೆಗೆಯಲಾಗದು ಎಂದರು. ಪಾತ್ರ ಬೇರೊಬ್ಬರಿಗೆ ಹೋಯಿತು.

ವಾಪಸ್ ಬಸ್ಸಿನಲ್ಲಿ ಸಮಾಧಾನಕ್ಕೆಂದು ನಾನು ರಂಗಭೂಮಿ, ಸಂಪ್ರದಾಯ ಎಂದು ಏನೇನೋ ಹೇಳಿದೆ. ತೆರಕಣಾಂಬಿ ದಾಟಿದ ಮೇಲೆ ಅವರು, "ಅಲ್ಲ ಕಣಪ್ಪ, ಅವ್ರು ಯೋಳುದ್ದೇ ಸರಿ. ಮಗನ್ನ ಕಳ್ಕಂಡೋನು ಜನರ ಮಕ ಯಾಕ್ ನೋಡಾನು?" ಎಂದರು.

ಮುಂದಿನ ರಜೆಯಲ್ಲಿ ಅವರ ಜೊತೆ ಕುದೇರಿಗೆ ಹೋದೆ. ಚಾವಡಿಯಲ್ಲಿ ತಾಲೀಮು, ರಾಜನಿಗೆ ಮಗ ಸತ್ತ ಸುದ್ದಿ ಬರುವ ದೃಶ್ಯ. ರಾಜನ ಪಾರ್ಟಿನ ರೈತನ ಹತ್ತಿರ ಹೋಗಿ ಮೇಷ್ಟ್ರು ಒಡಕು ದನಿಯಲ್ಲಿ, "ಇಲ್ಲಿ ಬೆನ್ನಾಕಿ ಓಗು" ಎಂದರು.

"ಜನ ಉಗೀತಾರೆ ಮೇಷ್ಟ್ರೇ. ಇವ್ನೇನ್ಲಾ ಕುಂಡಿ ತೋರುಸ್ತಾವ್ನೆ ಅಂತಾರೆ."

"ಉಗೀಲಿ ಬುಡ್ಲಾ. ನೀ ಓಗ್ತಿರು. ಅವ್ರೇ ನಿನ್ನ ಇಂದಿಂದೆ ಬತ್ತಾರೆ."

ಅವನಿಗೆ ಬರಲಿಲ್ಲ. ಮೇಷ್ಟ್ರು ತಾವೇ ನಮಗೆ ಬೆನ್ನು ಹಾಕಿ ಚಾವಡಿಯ ಆ ತುದಿಯವರೆಗೆ ನಡೆದರು. ಭುಜ ಅಲುಗಿತೆಂದು ನನ್ನ ನೆನಪು; ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಅವರು ಗೋಡೆ ಮುಟ್ಟುವವರೆಗೆ ಒಬ್ಬರೂ ಕೆಮ್ಮಲಿಲ್ಲ.

ಆ ನಾಟಕ ಆಡುವ ಮೊದಲೇ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಈಗ ಅವರ ಮುಖ ನೆನೆಯಲು ಕೂತರೆ ಮೂಗು, ಮೀಸೆ ದಿನಕ್ಕೊಂದು ತರಹ ಬರುತ್ತವೆ. ಆ ಬೆನ್ನನ್ನು ಮಾತ್ರ ಎಂಥ ಸಂತೆಯಲ್ಲಿ ಕಂಡರೂ ಗುರುತು ಹಿಡಿದೇನು.